ಹೊಸ ಕೋಚ್ ಬಂದರು, ಮಳೆಯೂ ಬಂತು

ಬೆಂಗಳೂರು ಎಫ್‌ಸಿ ಅಭಿಮಾನಿಗಳು ನಾಲ್ಕು ಜನ ಒಂದು ಕಡೆ ಕೂತರೆ ಸಾಕು, ಜಗಳ ಒಂದೇ. ಹೊಸ ಕೋಚ್ ಬಂದಮೇಲೆ ಟೀಮು ಸುಧಾರಿಸ್ತಾ, ಇಲ್ವಾ? ಕಂಠೀರವದ ಗ್ಯಾಲರಿಯಲ್ಲಿ ನಿಂತು ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರಾಗಲಿ, ಅಲ್ಲಿಂದ ಸುಮಾರು 400 ಕಿಲೋಮೀಟರ್ ದೂರದ ಗದಗ-ಬೆಟಗೇರಿಯಲ್ಲಿ ಮೊಬೈಲ್ ಹಿಡಿದು ಮ್ಯಾಚ್ ನೋಡುವವರಾಗಲಿ, ವಾದ ಮಾತ್ರ ಇದೇ. ಒಬ್ಬರು ಪಾಯಿಂಟ್ ಪಟ್ಟಿ ತೋರಿಸ್ತಾರೆ, ಇನ್ನೊಬ್ಬರು ಸುನಿಲ್ ಛೆಟ್ರಿ ಹೆಸರು ಹೇಳಿ ಬಾಯಿ ಮುಚ್ಚಿಸ್ತಾರೆ.

ಲೆಕ್ಕ ಮೇಲ್ನೋಟಕ್ಕೆ ಸಲೀಸು. 2023-24ರ ಐಎಸ್‌ಎಲ್‌ನಲ್ಲಿ 12 ತಂಡಗಳ ಪೈಕಿ ಬೆಂಗಳೂರು 10ನೇ ಸ್ಥಾನ, 22 ಪಂದ್ಯಕ್ಕೆ 22 ಪಾಯಿಂಟ್. ಡಿಸೆಂಬರ್ 2023ರಲ್ಲಿ ಕಂಠೀರವದಲ್ಲೇ ಮುಂಬೈ ಸಿಟಿ ಕೈಲಿ 0-4ರ ಸೋಲು. ಅದರ ಬೆನ್ನಲ್ಲೇ ಕೋಚ್ ಸೈಮನ್ ಗ್ರೇಸನ್ ಮನೆಗೆ, ಜೆರಾರ್ಡ್ ಜರಗೋಜಾ ಒಳಗೆ. 2024-25ರಲ್ಲಿ 24 ಪಂದ್ಯಕ್ಕೆ 38 ಪಾಯಿಂಟ್, ಮೂರನೇ ಸ್ಥಾನ, ಫೈನಲ್ ಬೇರೆ. ಇನ್ನೇನು ಬೇಕು ಸಾಕ್ಷಿ?

ಬೇಕು. ಯಾಕೆ ಅಂತ ಹೇಳೋಕೆ ಸ್ಟೇಡಿಯಂ ಬಿಟ್ಟು ಸ್ವಲ್ಪ ಹೊಲದ ಕಡೆ ಬರಬೇಕು.

ಶಿರಹಟ್ಟಿ, ಮುಂಡರಗಿ ಕಡೆಯವರಿಗೆ ಗುರ್ಜಿ ಗೊತ್ತು. ಮಳೆ ಕೈಕೊಟ್ಟಾಗ ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿ ಮಾಡಿ, ಗರಿಕೆ ಸಿಕ್ಕಿಸಿ, ತಲೆ ಮೇಲೆ ಹೊತ್ತು ಮನೆ ಮನೆಗೆ ಹೋಗ್ತಾರೆ. ಮನೆಯವರು ನೀರು ಸುರೀತಾರೆ. ಗುರ್ಜಿ ಆಡಿದ ಮೇಲೆ ಮಳೆ ಬಂದದ್ದನ್ನು ಕಣ್ಣಾರೆ ಕಂಡವರು ಬೇಕಾದಷ್ಟು ಜನ ಇದ್ದಾರೆ. ಅವರು ಸುಳ್ಳು ಹೇಳ್ತಿಲ್ಲ. ಆದರೆ ಗುರ್ಜಿ ಯಾವಾಗ ಆಡ್ತಾರೆ ನೋಡಿ. ಮಳೆ ಚೆನ್ನಾಗಿ ಬಿದ್ದ ವಾರದಲ್ಲಿ ಯಾರೂ ಆಡಲ್ಲ. ಒಣಗಿ ಒಣಗಿ, ಬಿತ್ತಿದ ಹೆಸರು ಬಾಡುವ ಹೊತ್ತಿಗೆ ಆಡ್ತಾರೆ. ಆ ಸೀಮೆಯಲ್ಲಿ ಸೆಪ್ಟೆಂಬರ್ ಮಳೆಯೇ ಜೋರು. ಜುಲೈ ಒಣಗಿದ್ದರೂ ಮುಂದಿನ ವಾರಗಳಲ್ಲಿ ನಾಲ್ಕು ಹನಿ ಬೀಳುವ ಸಾಧ್ಯತೆ ಹೇಗೂ ಹೆಚ್ಚು. (ಗುರ್ಜಿ ಬೇಡ ಅಂತ ನಾನು ಹೇಳ್ತಿಲ್ಲ. ಮಕ್ಕಳು ಒದ್ದೆಯಾಗಿ ಓಡಾಡೋ ಆ ಖುಷಿಗೆ ಹವಾಮಾನ ಇಲಾಖೆಯ ಅನುಮತಿ ಬೇಕಿಲ್ಲ.)

ಕೋಚ್ ಬದಲಾಯಿಸೋದೂ ಹಾಗೇ. ಗೆಲ್ತಿರುವ ತಂಡದ ಕೋಚ್‌ನನ್ನು ಯಾರೂ ಕಿತ್ತು ಹಾಕಲ್ಲ. ತಂಡ ತನ್ನ ಸಹಜ ಮಟ್ಟಕ್ಕಿಂತ ಕೆಳಗೆ ಬಿದ್ದಾಗ, ಕೆಟ್ಟ ಆಟಕ್ಕೆ ಕೆಟ್ಟ ಅದೃಷ್ಟವೂ ಜೊತೆಯಾದಾಗಲೇ ಕಿತ್ತು ಹಾಕೋದು. ಅಲ್ಲಿಂದ ಮೇಲೆ ಬರೋದು ಬಿಟ್ಟು ತಂಡಕ್ಕೆ ಹೆಚ್ಚು ದಾರಿ ಇರಲ್ಲ. 1886ರಲ್ಲೇ ಫ್ರಾನ್ಸಿಸ್ ಗಾಲ್ಟನ್ ತಂದೆ-ತಾಯಿ ಮತ್ತು ಬೆಳೆದ ಮಕ್ಕಳ ಎತ್ತರ ಅಳೆದು ಈ ಗುಣವನ್ನು ತೋರಿಸಿದ್ದ. ತೀರಾ ಎತ್ತರದವರ ಮಕ್ಕಳು ಸರಾಸರಿಯಲ್ಲಿ ಅಪ್ಪ-ಅಮ್ಮನಷ್ಟು ಎತ್ತರ ಇರಲ್ಲ, ತೀರಾ ಕುಳ್ಳರ ಮಕ್ಕಳು ಅಷ್ಟು ಕುಳ್ಳಗಿರಲ್ಲ. ಇಂಜಿನಿಯರಿಂಗ್ ಓದಿದ ನಾವೆಲ್ಲ ರಿಗ್ರೆಷನ್ ಅಂತ ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತದ್ದು ಇದನ್ನೇ.

ಫುಟ್‌ಬಾಲ್‌ನಲ್ಲೂ ಇದನ್ನು ಅಳೆದವರಿದ್ದಾರೆ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೇಲ್ 1986ರಿಂದ 2004ರವರೆಗಿನ ನೆದರ್ಲೆಂಡ್ಸ್ ಲೀಗ್ ತೆಗೆದುಕೊಂಡು ಒಂದು ಜಾಣ ಹೋಲಿಕೆ ಮಾಡಿದರು. ಸೋತು ಸೋತು ಕೋಚ್ ಬದಲಿಸಿದ ಕ್ಲಬ್‌ಗಳು ಒಂದು ಕಡೆ, ಅಷ್ಟೇ ಸೋತರೂ ಹಳೇ ಕೋಚ್‌ನನ್ನೇ ಉಳಿಸಿಕೊಂಡ ಕ್ಲಬ್‌ಗಳು ಇನ್ನೊಂದು ಕಡೆ. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ರೀತಿ ಚೇತರಿಸಿಕೊಂಡವು! ಗುರ್ಜಿ ಆಡಿದ ಊರಲ್ಲೂ ಮಳೆ, ಆಡದ ಊರಲ್ಲೂ ಮಳೆ.

ನಮ್ಮ ಬೆಂಗಳೂರಿನ ಕಥೆ ಇನ್ನೂ ಮಜಾ ಇದೆ, ಯಾಕಂದ್ರೆ ಎರಡೂ ಪ್ರಯೋಗ ಒಬ್ಬನೇ ಮನುಷ್ಯನ ಮೇಲೆ ಆಗಿವೆ. 2022-23ರ ಲೀಗ್‌ನಲ್ಲಿ ಇದೇ ಗ್ರೇಸನ್ ತಂಡ ಮೊದಲ 12 ಪಂದ್ಯದಲ್ಲಿ 8 ಸೋತು ಬರೀ 10 ಪಾಯಿಂಟ್ ಗಳಿಸಿತ್ತು. ಆಗ ಅವರನ್ನು ತೆಗೆದಿದ್ದರೆ ಯಾರೂ ಆಶ್ಚರ್ಯಪಡ್ತಿರಲಿಲ್ಲ. ಕ್ಲಬ್ ತಡೆದುಕೊಂಡಿತು. ಮುಂದಿನ ಎಂಟೂ ಪಂದ್ಯ ಗೆಲುವು, 24ಕ್ಕೆ 24 ಪಾಯಿಂಟ್. ನಾಲ್ಕನೇ ಸ್ಥಾನ, ಆಮೇಲೆ ಫೈನಲ್. ಮಾರ್ಚ್ 2023ರಲ್ಲಿ ಗೋವಾದಲ್ಲಿ ಎಟಿಕೆ ಮೋಹನ್ ಬಗಾನ್ ವಿರುದ್ಧ 2-2, ಕೊನೆಗೆ ಪೆನಾಲ್ಟಿಯಲ್ಲಿ ಸೋಲು. ಈಗ ಊಹಿಸಿ: 12ನೇ ಪಂದ್ಯದ ನಂತರ ಹೊಸಬರೊಬ್ಬರು ಬಂದು ಆ ಎಂಟು ಪಂದ್ಯ ಗೆದ್ದಿದ್ದರೆ? ನಮ್ಮ ಟಿವಿಗಳಲ್ಲಿ 'ಮಾಂತ್ರಿಕ ಕೋಚ್' ಅಂತ ಮೂರು ದಿನ ಓಡ್ತಿತ್ತು. ಮಂತ್ರ ಇಲ್ಲದೆಯೂ ಅದು ಆಯ್ತಲ್ಲ. ಒಂಬತ್ತೇ ತಿಂಗಳಲ್ಲಿ ಅದೇ ಗ್ರೇಸನ್ ಕೆಲಸಕ್ಕೆ ಬಾರದವರೂ ಆದರು.

ಹಾಗಾದ್ರೆ ಜರಗೋಜಾಗೆ ಏನೂ ಸಲ್ಲಬಾರದಾ? ಸಲ್ಲಬೇಕು. ಎಷ್ಟು ಅನ್ನೋದು ಪ್ರಶ್ನೆ. ಅವರು ಬಂದ ಸೀಸನ್ ಮುಗಿದದ್ದು 10ನೇ ಸ್ಥಾನದಲ್ಲೇ, ಹಾಗಾಗಿ ಬಂದ ಕೂಡಲೇ ಪವಾಡ ನಡೀತು ಅನ್ನೋ ಮಾತು ನಿಲ್ಲಲ್ಲ. ಆಮೇಲಿನ ಬೇಸಿಗೆಯಲ್ಲಿ ಕ್ಲಬ್ ಹಣ ಬಿಚ್ಚಿತು. ಮುಂಬೈ ಸಿಟಿಯಿಂದ ರಾಹುಲ್ ಭೇಕೆ, ಆಲ್ಬರ್ಟೊ ನೊಗುವೆರಾ, ಜಾರ್ಜ್ ಪೆರೇರಾ ಡಿಯಾಜ್ ಬಂದರು. ಜೂನ್ 2024ರಲ್ಲಿ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದ ಛೆಟ್ರಿ, 40ರ ವಯಸ್ಸಲ್ಲಿ 14 ಗೋಲ್ ಹೊಡೆದರು. ಇದೆಲ್ಲ ಕೋಚ್‌ನ ಖಾತೆಗೆ ಹಾಕೋಕಾಗುತ್ತಾ? ನನ್ನ ಪ್ರಕಾರ ಕೋಚ್‌ನ ಕೈ ಕಾಣೋದು ಬೇರೆ ಕಡೆ. ಸೀಸನ್‌ನ ಮೊದಲ ಪಂದ್ಯದಲ್ಲೇ ಯುವಕ ವಿನೀತ್ ವೆಂಕಟೇಶ್‌ನನ್ನು ನಂಬಿ ಇಳಿಸಿದ್ದು, ಆ ಹುಡುಗ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲ್ ಹೊಡೆದದ್ದು. ಗೋಲ್ ಬಿಡಿ, ಇಳಿಸಿದ ಧೈರ್ಯ ಕೋಚ್‌ನದ್ದು. ಗ್ರೇಸನ್‌ಗೂ ಇದೇ ಅಳತೆ ಹಿಡಿದರೆ, ಶಿವಶಕ್ತಿ ನಾರಾಯಣನ್ ಬೆಳೆದದ್ದು ಅವರ ಕಾಲದಲ್ಲಿ.

ಏಪ್ರಿಲ್ 12, 2025ರ ಕೋಲ್ಕತ್ತಾ ಫೈನಲ್ ನೆನಪಿದೆಯಲ್ಲ? ಬೆಂಗಳೂರು 1-0 ಮುಂದಿತ್ತು. ಪೆನಾಲ್ಟಿ ಆವರಣದೊಳಗೆ ಚೆಂಡು ಡಿಫೆಂಡರ್ ಕೈಗೆ ತಾಗಿತು, ಪೆನಾಲ್ಟಿ, 1-1. ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನ್ 2-1. ಆ ಚೆಂಡು ನಾಲ್ಕು ಇಂಚು ಆಚೆ ಹೋಗಿದ್ದರೆ ಜರಗೋಜಾ ಚಾಂಪಿಯನ್ ಕೋಚ್ ಆಗ್ತಿದ್ದರೇನೋ, ಅವರು ವರ್ಷವಿಡೀ ಮಾಡಿಸಿದ ಪ್ರಾಕ್ಟೀಸ್ ಮಾತ್ರ ಅದೇ ಇರ್ತಿತ್ತು.

ಇದು ಫುಟ್‌ಬಾಲ್ ಹುಚ್ಚರ ವಿಷಯ, ನಮಗ್ಯಾಕೆ ಅಂತ ಲಕ್ಷ್ಮೇಶ್ವರದ ವೀಕ್ಷಕರು ಕೇಳಬಹುದು. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ. ರಾಜ್ಯದ ಫಲಿತಾಂಶ 2023ರಲ್ಲಿ ಶೇ. 83.89 ಇದ್ದದ್ದು 2024ರಲ್ಲಿ ಶೇ. 73.40ಕ್ಕೆ ಇಳೀತು, ಅದೂ ಗ್ರೇಸ್ ಅಂಕ ಕೊಟ್ಟ ಮೇಲೆ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಿತ್ತು. ಹಾಗಾದ್ರೆ ಜೂನ್ 2023ರಲ್ಲಿ ಮುಂಡರಗಿ ತಾಲ್ಲೂಕಿನ ಯಾವುದೋ ಹಳ್ಳಿ ಶಾಲೆಗೆ ಬಂದ ಹೊಸ ಹೆಡ್‌ಮಾಸ್ಟರ್ ಗತಿ? ಕ್ಲಾಸಿನಲ್ಲಿ 30 ಮಕ್ಕಳಿದ್ದರೆ ಮೂವರು ಫೇಲಾದರೂ ಶೇ. 10 ಹೋಯ್ತು. ಅವರ ಹಿಂದಿನವರು 'ಒಳ್ಳೇ ಮೇಷ್ಟ್ರು' ಆದರು, ಇವರ ಕೈಗೆ ನೋಟಿಸ್. ನೋಟಿಸ್ ಬರೆಯುವ ಮುಂಚೆ ಆ ಶಾಲೆಯ ಐದು ವರ್ಷದ ಫಲಿತಾಂಶ ತೆಗೆಯಿರಿ. ಹೆಡ್‌ಮಾಸ್ಟರ್ ಬದಲಾಗದ ಪಕ್ಕದೂರಿನ ಶಾಲೆ ಅದೇ ವರ್ಷ ಎಷ್ಟು ಇಳೀತು ಅಂತಲೂ ಒಂದು ಫೋನ್ ಮಾಡಿ ಕೇಳಿ.