ಪಿಸ್ತೂಲಿಗೆ ಅರ ಹಿಡಿಯುವ ಮುನ್ನ

ಕಳೆದ ಬೇಸಿಗೆಯಲ್ಲಿ ಲಿಂಬೆ ಬೆಳೆಯ ವಿಷಯ ತಿಳಿದು ಬರಲೆಂದು ನಾವು ಇಂಡಿಗೆ ಹೋಗಿದ್ದೆವು. ಅಲ್ಲಿನ ಲಿಂಬೆ ತೋಟಗಳ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯುವವರಿದ್ದೇವೆ. ಈಗ ಹೇಳಹೊರಟಿರುವುದು ಆ ಊರಿನಲ್ಲಿ ಊಟದ ನಂತರ ನಡೆದ ಒಂದು ಮಾತುಕತೆಯನ್ನು. ಅದು ನಮ್ಮ ಸದಸ್ಯರಲ್ಲಿ ಅನೇಕರ ಮನೆಯ ಬೀರುವಿಗೂ ಸಂಬಂಧಪಟ್ಟದ್ದು.

ನಮಗೆ ಆತಿಥ್ಯ ನೀಡಿದ ಹಿರಿಯ ರೈತರ ಬಳಿ ಪರವಾನಗಿಯುಳ್ಳ .32 ರಿವಾಲ್ವರ್ ಇದೆ. ಕಾನ್ಪುರದ ಸರಕಾರಿ ಕಾರ್ಖಾನೆಯ ಮಾಲು. "ಟ್ರಿಗರ್ ಭಾಳ ಬಿಗಿ ಐತ್ರಿ. ನೀವು ಕೋವಿ ಸೀಮಿಯವರು, ಯಾರರ ಇದ್ದರ ಹೇಳ್ರಿ, ಒಂದೀಟು ಅರ ಹಚ್ಚಿಸಿ ಹಗುರ ಮಾಡಸೂಣು" ಎಂದರು. ಇಲ್ಲೇ ಮಾಡಿಕೊಡುವವರೂ ಸಿಗುತ್ತಾರೆ, ಆದರೆ ಅಂಥವರ ಬಾಗಿಲಿಗೆ ಹೋಗಲು ಅಂಜಿಕೆ ಎಂದೂ ಸೇರಿಸಿದರು.

ಅಂಜಿಕೆಗೆ ಕಾರಣವಿದೆ. ಇಂಡಿ, ಚಡಚಣ, ಸಿಂದಗಿ ಕಡೆಯ ಭೀಮಾ ತೀರವೆಂದರೆ ನಾಡಿನ ಉಳಿದವರಿಗೆ ಜೋಳಕ್ಕಿಂತ ಮೊದಲು ನೆನಪಾಗುವುದು ನಾಡಪಿಸ್ತೂಲು. 2012ರಲ್ಲಿ ಆ ತೀರದ ಹೆಸರಿನ ಚಲನಚಿತ್ರವೇ ಬಂತು. ಮಧ್ಯಪ್ರದೇಶದ ಕಡೆಯಿಂದ ಬಂದ ಕಳ್ಳ ಪಿಸ್ತೂಲುಗಳನ್ನು ಪೊಲೀಸರು ಹಿಡಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದುಡಿದು ತಿನ್ನುವ ಲಕ್ಷಾಂತರ ಜನರಿಗೆ ಇದೊಂದು ಅನ್ಯಾಯದ ಹೆಸರು ಎಂಬುದು ನಮ್ಮ ಅಭಿಪ್ರಾಯ. ಆದರೆ ಸಾಚಾ ಪರವಾನಗಿದಾರನೂ ರಿಪೇರಿಗೆಂದು ತಪ್ಪು ಬಾಗಿಲು ತಟ್ಟಿದರೆ ಅದೇ ಲೆಕ್ಕಕ್ಕೆ ಸೇರಿಬಿಡುತ್ತಾನೆ.

ಮೊದಲು ಯಂತ್ರದ ಮಾತು. ಕುದುರೆ, ಅಂದರೆ ಗುದ್ದುವ ಸುತ್ತಿಗೆ, ಹಿಂದಕ್ಕೆ ಬಂದು ನಿಂತಾಗ ಅದನ್ನು ತಡೆದು ಹಿಡಿಯುವುದು ಒಂದು ಸಣ್ಣ ಕಚ್ಚು. ಅಲ್ಲಿ ಉಕ್ಕಿಗೆ ಉಕ್ಕು ತಾಗುವ ಅಂಚು ಅಕ್ಕಿಕಾಳಿನಷ್ಟೂ ಇರುವುದಿಲ್ಲ. ಬಲ್ಲ ಕೆಲಸಗಾರ ಆ ಮುಖಗಳನ್ನು ನುಣುಪು ಎಣ್ಣೆಕಲ್ಲಿನಿಂದ ತಿಕ್ಕಿ, ಕಾರ್ಖಾನೆಯ ಒರಟು ಗೆರೆಗಳನ್ನಷ್ಟೇ ತೆಗೆಯುತ್ತಾನೆ, ಕೋನವನ್ನು ಮುಟ್ಟುವುದಿಲ್ಲ. ಅರ ಹಾಕುವವನು ಕೋನವನ್ನೇ ಕೆಡಿಸುತ್ತಾನೆ. ಮೇಲ್ಮೈಗೆ ಮಾತ್ರ ಹದ ಕೊಟ್ಟ ಉಕ್ಕಾದರೆ ಆ ಗಟ್ಟಿ ಪದರ ಬಹಳ ತೆಳು. ಅದು ಹೋದರೆ ಒಳಗಿನ ಮೆದು ಲೋಹ ಬೇಗ ಸವೆಯುತ್ತದೆ. ಮೊದಲ ದಿನ ಬೆಣ್ಣೆಯಂತಿದ್ದ ಟ್ರಿಗರ್ ಒಂದು ದಿನ ಕೈ ತಾಗದೆಯೇ ಕಳಚಿಕೊಳ್ಳುತ್ತದೆ. ಸ್ಪ್ರಿಂಗ್ ಕತ್ತರಿಸಿ ಹಗುರ ಮಾಡುವುದು ಇನ್ನೊಂದು ಚಾಳಿ. ಪೆಟ್ಟು ಸಾಲದೆ ತೋಟೆ ಸಿಡಿಯುವುದೇ ಇಲ್ಲ.

ಇದನ್ನು ನಾವು ಪುಸ್ತಕ ನೋಡಿ ಬರೆಯುತ್ತಿಲ್ಲ. ಹಲವು ವರ್ಷಗಳ ಹಿಂದೆ ನಮ್ಮ ತಂದೆಯವರ ಕಾಲದ ಜೋಡುನಳಿಗೆಯ ಕೋವಿಯನ್ನು ಒಂದು ವರ್ಕ್‌ಶಾಪಿನಲ್ಲಿ ಹಗುರ ಮಾಡಿಸಿದ್ದೆವು. ಕೊಟ್ಟ ಹಣ ಅಲ್ಪ, ಸಂತೋಷ ಬಹಳ. ಮುಂದಿನ ಕೊಯ್ಲಿನಲ್ಲಿ, ಕಾಫಿ ಕಣದ ಬಳಿ, ತೋಟೆ ಹಾಕಿ ನಳಿಗೆ ಮುಚ್ಚಿದ ಕ್ಷಣದಲ್ಲೇ ಎಡಗಡೆಯದು ಸಿಡಿಯಿತು. ಚರೆ ಪಲ್ಪರ್ ಮನೆಯ ಹೆಂಚಿಗೆ ಹೋಯಿತು. ಹೆಂಚಿನ ಕೆಳಗೆ ಚೀಲ ಹೊಲಿಯುತ್ತ ಕುಳಿತಿದ್ದ ಹೆಂಗಸು ಮೈಮೇಲಿನ ಚೂರುಗಳನ್ನು ಕೊಡವಿಕೊಂಡು ಎದ್ದುಹೋದಳು; ಆ ವಾರ ಕೆಲಸಕ್ಕೆ ಬರಲಿಲ್ಲ. ನಾವು ಹೋಗಿ ಕ್ಷಮೆ ಕೇಳಿ ಕರೆತಂದೆವು. ವರ್ಕ್‌ಶಾಪಿನವನು ತನ್ನ ತಪ್ಪಲ್ಲವೆಂದ. ಕೇಳಿದವರು ನಾವೇ ಅಲ್ಲವೇ?

ಇನ್ನು ಕಾಯದೆ. 1959ರ ಆಯುಧ ಕಾಯದೆಯ 5ನೇ ಕಲಮಿನಂತೆ ಬಂದೂಕು ತಯಾರಿಸುವವನಿಗೆ ಮಾತ್ರವಲ್ಲ, ದುರಸ್ತಿಯನ್ನು ವೃತ್ತಿಯಾಗಿ ಮಾಡುವವನಿಗೂ ಪರವಾನಗಿ ಬೇಕು. ಅದನ್ನು ಮೀರಿದರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ 7 ವರ್ಷ ಸಜೆ, ಜೀವಾವಧಿಯವರೆಗೂ ಹೋಗಬಹುದು. ಅದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು 3ರಿಂದ 2ಕ್ಕೆ ಇಳಿಸಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1963ರಿಂದ ಇರುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಲಾಗಿದೆ, 2021ರಲ್ಲಿ ಉಚ್ಚ ನ್ಯಾಯಾಲಯವೂ ಎತ್ತಿಹಿಡಿದಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವವರಿಗೆ ಸಿಕ್ಕ ವಿನಾಯಿತಿ. ಅರ ಹಾಕುವವನ ಅಂಗಡಿಗೆ ಸಿಕ್ಕದ್ದಲ್ಲ. ಕೊಡುವಾಗ ಆತನ ಪರವಾನಗಿ ನೋಡಿ, ಬಂದೂಕಿನ ನಂಬರು ಬರೆಸಿದ ರಸೀತಿ ಪಡೆಯಿರಿ.

ಇಂಡಿಯ ರಿವಾಲ್ವರಿಗೆ ಬರೋಣ. ತೋಟೆಗಳನ್ನು ತೆಗೆದು ಬೇರೆ ಕೋಣೆಯಲ್ಲಿಡಿಸಿ, ಗುಂಡಿನ ಮನೆಗಳು ಬರಿದೆಂದು ಎರಡೆರಡು ಸಲ ನೋಡಿಕೊಂಡ ಮೇಲೆ ಕೈಗೆತ್ತಿಕೊಂಡೆವು. ನಮ್ಮ ಕಡೆ ಬಂದೂಕಿಗೆ ಶತ್ರು ಮಳೆಗಾಲದ ತುಕ್ಕು; ಅಲ್ಲಿ ಎರೆಮಣ್ಣಿನ ದೂಳು. ಧಾರಾಳವಾಗಿ ಹಚ್ಚಿದ ಹಳೆಯ ಎಣ್ಣೆಯಲ್ಲಿ ಆ ದೂಳು ಕಲಸಿ ಅಂಟಾಗಿ ಕೂತಿತ್ತು. ಕುದುರೆ ಎಳೆಯದೆ ಟ್ರಿಗರ್ ಒಂದರಿಂದಲೇ ಹೊಡೆಯುವ ರಿವಾಲ್ವರಿನಲ್ಲಿ ಎಳೆತ ನಾಲ್ಕೈದು ಕಿಲೋ ಇರುವುದು ಸಹಜ, ಅದೇ ಅದರ ರಕ್ಷಣೆ ಎಂದು ಹೇಳಿದೆವು. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಎರಡು ತಿಂಗಳ ನಂತರ ಫೋನು ಬಂತು. ಪರವಾನಗಿಯುಳ್ಳ ಬಂದೂಕು ದುರಸ್ತಿಗಾರನೊಬ್ಬ ಬಿಚ್ಚಿ, ತೊಳೆದು, ಒಂದು ಒರಟು ಅಂಚಿಗೆ ಕಲ್ಲು ತಾಗಿಸಿ, ಹೊಸ ಸ್ಪ್ರಿಂಗು ಹಾಕಿ ಕೊಟ್ಟನಂತೆ. ಕಚ್ಚನ್ನು ಮುಟ್ಟಲು ಒಪ್ಪಲೇ ಇಲ್ಲವಂತೆ. "ಅರ್ಧಾ ಬಿಗಿ ಬರೇ ಹೊಲಸಿನದs ಇತ್ತು ನೋಡ್ರಿ" ಎಂದು ನಕ್ಕರು. ಆಮೇಲೆ ಲಿಂಬೆಯ ಧಾರಣೆ ಇಳಿದ ಮಾತು ಬಂತು. ಅದೇ ಅರ್ಧ ಗಂಟೆ ನಡೆಯಿತು.