ಮಂಡಿ ಊದಿದರೆ ಕಣ್ಣನ್ನೂ ಏಕೆ ತೋರಿಸಬೇಕು?



ಯಾರದಾದರೂ ಕಣ್ಣು ಕೆಂಪಾದ ಕೂಡಲೇ ನಾವು ಹೇಳುವುದು ಒಂದೇ ಮಾತು: "ಮದ್ರಾಸ್ ಐ ಬಂದಿದೆ, ದೂರ ಕೂತ್ಕೋ!" ಹೆಚ್ಚಿನ ಸಲ ಅದು ಸರಿಯೇ. ಅದು ರೋಗಾಣುಗಳಿಂದ ಬರುವ ಅಂಟುರೋಗ. ಆದರೆ ಯಾವ ರೋಗಾಣುವೂ ಇಲ್ಲದೆ ಕಣ್ಣಿನೊಳಗೆ ಉರಿಯೂತ ಆಗಬಹುದು ಎಂಬುದು ನಿಮಗೆ ಗೊತ್ತೇ? ಇದು ಯಾರಿಗೂ ಅಂಟುವುದಿಲ್ಲ.

ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯ ಕೆಲಸ ಹೊರಗಿನಿಂದ ಬಂದ ರೋಗಾಣುಗಳನ್ನು ಹೊಡೆದೋಡಿಸುವುದು. ಕೆಲವರಲ್ಲಿ ಅದು ತನ್ನದೇ ದೇಹದ ಭಾಗಗಳನ್ನು ಶತ್ರು ಎಂದು ತಿಳಿಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಇಂಥವನ್ನು ಆಟೋಇಮ್ಯೂನ್ ರೋಗಗಳು ಎನ್ನುತ್ತಾರೆ. ಕೀಲುಗಳಿಗೆ ಬರುವ ರುಮಟಾಯ್ಡ್ ಸಂಧಿವಾತ, ಚರ್ಮ ಮತ್ತು ಮೂತ್ರಪಿಂಡಕ್ಕೂ ತಗಲುವ ಲೂಪಸ್, ಕಣ್ಣೀರು ಮತ್ತು ಲಾಲಾರಸದ ಗ್ರಂಥಿಗಳನ್ನು ಒಣಗಿಸುವ ಷೋಗ್ರೆನ್ ರೋಗ ಇದಕ್ಕೆ ಉದಾಹರಣೆ.

ಒಬ್ಬರಲ್ಲೇ ಇಂಥ ಎರಡು ರೋಗಗಳು ಸೇರಿರುವುದೂ ಉಂಟು. ಆಗ ಕಣ್ಣು ಕೆಂಪಾದರೆ ವೈದ್ಯರ ಮುಂದೆ ಒಂದು ಒಗಟು: ಕಣ್ಣೀರು ಬತ್ತಿ ಹೊರಮೈ ಉಜ್ಜಿದ್ದೇ? ಬಿಳಿಗುಡ್ಡೆಯ ಗೋಡೆಗೇ ಉರಿಯೂತವೇ? ಇಲ್ಲ, ಕಣ್ಣಿನ ಮಧ್ಯಪದರಕ್ಕೇ? ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಆದ್ದರಿಂದ ಕೀಲಿನ ವೈದ್ಯರೂ ಕಣ್ಣಿನ ವೈದ್ಯರೂ ಒಟ್ಟಿಗೆ ಯೋಚಿಸಬೇಕಾಗುತ್ತದೆ.

ಮಧ್ಯಪದರ ಅಂದೆವಲ್ಲ, ಅದರ ಹೆಸರು ಯುವಿಯಾ. ನೀವು ಪಾಠದಲ್ಲಿ ಓದಿದ ವರ್ಣಪಟಲ, ಸಿಲಿಯರಿ ಭಾಗ, ಕೊರಾಯ್ಡ್ ಮೂರೂ ಸೇರಿ ಯುವಿಯಾ. ಲ್ಯಾಟಿನ್ ಭಾಷೆಯಲ್ಲಿ 'ಯುವ' ಎಂದರೆ ದ್ರಾಕ್ಷಿ. ಇಲ್ಲಿ ರಕ್ತನಾಳಗಳು ದಟ್ಟವಾಗಿವೆ. ಇದರ ಉರಿಯೂತವೇ ಯುವಿಯೈಟಿಸ್. ದೊಡ್ಡವರಲ್ಲಿ ಸಾಮಾನ್ಯವಾಗಿ ಕಣ್ಣು ಕೆಂಪಾಗಿ ನೋಯುತ್ತದೆ, ಬೆಳಕು ಚುಚ್ಚುತ್ತದೆ, ನೋಟ ಮಂಜಾಗುತ್ತದೆ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. 16 ವರ್ಷದೊಳಗೆ ಶುರುವಾಗಿ, ಕನಿಷ್ಠ 6 ವಾರ ಇರುವ, ಬೇರೆ ಕಾರಣ ಸಿಗದ ಸಂಧಿವಾತವೊಂದಿದೆ. ಅದು ಬಂದ ಕೆಲವು ಮಕ್ಕಳಲ್ಲಿ ಯುವಿಯೈಟಿಸ್ ಕೂಡ ಬರುತ್ತದೆ. ಆದರೆ ಹಲವರಲ್ಲಿ ಕಣ್ಣು ಬೆಳ್ಳಗೇ ಇರುತ್ತದೆ, ನೋವೂ ಇರುವುದಿಲ್ಲ! ಒಳಗೆ ಮಾತ್ರ ವರ್ಣಪಟಲ ಹಿಂದಿನ ಮಸೂರಕ್ಕೆ ಅಂಟಿಕೊಳ್ಳಬಹುದು, ಪೊರೆ ಬರಬಹುದು, ಕಣ್ಣಿನ ಒತ್ತಡ ಏರಬಹುದು. ಒಂದು ಕಣ್ಣು ಮಂಜಾದರೂ ಇನ್ನೊಂದು ಕಣ್ಣು ಕೆಲಸ ನಡೆಸುವುದರಿಂದ ಮಗುವಿಗೇ ಗೊತ್ತಾಗುವುದಿಲ್ಲ.

ಹಾಗಾದರೆ ಪತ್ತೆ ಹೇಗೆ? ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಿಂದ. ಅದು ಕಣ್ಣಿನೊಳಕ್ಕೆ ತೆಳ್ಳನೆಯ ಬೆಳಕಿನ ಪಟ್ಟಿ ಹಾಯಿಸುತ್ತದೆ. ಬಾಗಿಲ ಸಂದಿಯಿಂದ ಬಂದ ಬಿಸಿಲಿನಲ್ಲಿ ಧೂಳಿನ ಕಣ ಕಾಣುತ್ತವಲ್ಲ, ಹಾಗೆಯೇ ಕಣ್ಣಿನ ನೀರಿನಲ್ಲಿ ತೇಲುವ ಬಿಳಿ ರಕ್ತಕಣಗಳು ಕಾಣುತ್ತವೆ. ಅಪಾಯ ಹೆಚ್ಚಿರುವ ಮಕ್ಕಳಿಗೆ 3 ತಿಂಗಳಿಗೊಮ್ಮೆ ಈ ಪರೀಕ್ಷೆ ಬೇಕು.

ಚಿಕಿತ್ಸೆ ಇದೆ. ಮೊದಲು ಸ್ಟೀರಾಯ್ಡ್ ಹನಿ. ಅದನ್ನೇ ಬಹುಕಾಲ ಹಾಕಿದರೆ ಪೊರೆಯೂ ಒತ್ತಡವೂ ಬರುವುದರಿಂದ ಮೆಥೊಟ್ರೆಕ್ಸೇಟ್ ಕೊಡುತ್ತಾರೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 90 ಮಕ್ಕಳಿದ್ದರು, ಎಲ್ಲರಿಗೂ ಮೆಥೊಟ್ರೆಕ್ಸೇಟ್ ಇತ್ತು. ಅದರ ಜೊತೆ ಅಡಾಲಿಮುಮಾಬ್ ಚುಚ್ಚುಮದ್ದು ಪಡೆದ 60 ಮಕ್ಕಳಲ್ಲಿ 16 ಮಂದಿಗೆ ಚಿಕಿತ್ಸೆ ವಿಫಲವಾಯಿತು. ಬರೀ ಹುಸಿಮದ್ದು ಸೇರಿಸಿದ 30 ಮಕ್ಕಳಲ್ಲಿ 18 ಮಂದಿಗೆ. ಎರಡರ ಶೇಕಡಾ ಲೆಕ್ಕ ನೀವೇ ಮಾಡಿ ನೋಡಿ, ಮದ್ದಿನ ಗುಣ ತಿಳಿಯುತ್ತದೆ.

ಈಗ ನಿಮ್ಮ ಕೆಲಸ. ಒಂದು ಕಣ್ಣು ಮುಚ್ಚಿ ಕರಿಹಲಗೆಯ ಅಕ್ಷರ ಓದಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಿ. ವ್ಯತ್ಯಾಸ ಕಂಡರೆ ಟೀಚರಿಗೂ ಮನೆಯಲ್ಲೂ ಹೇಳಿ. ವ್ಯತ್ಯಾಸ ಕಾಣದಿದ್ದರೂ, ಕೀಲುವಾತ ಇರುವ ಮಗುವಿಗೆ ವೈದ್ಯರ ಪರೀಕ್ಷೆ ತಪ್ಪಿಸುವಂತಿಲ್ಲ. ಗೆಳೆಯನೋ ಗೆಳತಿಯೋ ಬೆಳಿಗ್ಗೆ ಕುಂಟುತ್ತಾ ಬಂದು, ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಓಡಾಡಿದರೆ "ನಾಟಕ ಮಾಡ್ತಾನೆ" ಅನ್ನಬೇಡಿ. ಕೀಲು ಬಿಗಿಯುವ ಲಕ್ಷಣ ಹಾಗೆಯೇ ಇರುತ್ತದೆ. ಕಣ್ಣಿಗೆ ನಂದಿಬಟ್ಟಲು ಹೂವಿನ ರಸವನ್ನಾಗಲಿ, ಮನೆಯಲ್ಲಿ ಉಳಿದ ಹಳೆಯ ಹನಿಯನ್ನಾಗಲಿ ಹಾಕಬೇಡಿ. ಮಂಡಿ ತೋರಿಸಲು ಹೋದಾಗ ಒಂದು ಮಾತು ಕೇಳಿ: "ಡಾಕ್ಟರೇ, ಕಣ್ಣನ್ನೂ ನೋಡಿಸಬೇಕಾ?" ಆ ಒಂದು ಪ್ರಶ್ನೆಯಿಂದ ಒಂದು ಮಗುವಿನ ದೃಷ್ಟಿ ಉಳಿಯಬಹುದು.