ಚೆಂಡು ಹಿಡಿದ ಜೂಲಿ



ಕ್ರಿಕೆಟ್ ಆಟ ನೀವು ನೋಡಿದ್ದೀರಿ. ಅಮೆರಿಕ ದೇಶದಲ್ಲಿ ಬೇಸ್‌ಬಾಲ್ ಅಂತ ಒಂದು ಆಟ ಇದೆ. ಅದರಲ್ಲೂ ದಾಂಡು ಇದೆ, ಚೆಂಡು ಇದೆ, ಓಟ ಇದೆ. ಅದು ಗಂಡಸರ ಆಟ ಅಂತಲೇ ಅಲ್ಲಿನ ಜನ ತಿಳಿದಿದ್ದರು. ಆ ಆಟ ಆಡಿದ ಒಬ್ಬ ಹೆಣ್ಣುಮಗಳ ಕತೆ ಇದು. ಅವಳ ಹೆಸರು ಜೂಲಿ ಕ್ರೋಟೋ.

ಆಟ ಹೇಗೆ?

ಒಂದು ತಂಡಕ್ಕೆ 9 ಜನ. ಒಬ್ಬರು ಚೆಂಡು ಎಸೆಯುತ್ತಾರೆ. ಎದುರು ತಂಡದವರು ದಾಂಡಿನಿಂದ ಹೊಡೆದು ಓಡುತ್ತಾರೆ. ಮೈದಾನದ ಮೂಲೆಗಳಲ್ಲಿ ಗುರುತುಗಳಿವೆ. ಅದಕ್ಕೆ ಬೇಸ್ ಅನ್ನುತ್ತಾರೆ. ಮೂರು ಬೇಸ್ ಮುಟ್ಟಿ, ಹೊರಟ ಜಾಗಕ್ಕೆ ಬಂದರೆ 1 ರನ್. ಹೊಡೆದವರು ಮೊದಲ ಬೇಸ್‌ಗೆ ಬರುವ ಮುಂಚೆ ಚೆಂಡು ಅಲ್ಲಿ ನಿಂತವರ ಕೈ ಸೇರಿದರೆ ಔಟ್. ಅಲ್ಲಿ ನಿಲ್ಲುವವರ ಕಣ್ಣು, ಕೈ ಎರಡೂ ಚುರುಕಾಗಿರಬೇಕು. ಅದೇ ಜೂಲಿಯ ಜಾಗ.

ಕೋರ್ಟಿನಲ್ಲಿ ಸೋಲು

ಜೂಲಿ ಹುಟ್ಟಿದ್ದು 1970ರಲ್ಲಿ. ಚಿಕ್ಕಂದಿನಿಂದಲೇ ಹುಡುಗರ ಜೊತೆ ಆಡಿ ಬೆಳೆದಳು. 1988ರಲ್ಲಿ ವರ್ಜೀನಿಯಾ ರಾಜ್ಯದ ಅವಳ ಹೈಸ್ಕೂಲಿನಲ್ಲಿ ಮುಖ್ಯ ತಂಡ ಆರಿಸಿದರು. ಜೂಲಿಯನ್ನು ಬಿಟ್ಟರು. ಹೆಣ್ಣು ಅಂತಲೇ ಬಿಟ್ಟಿದ್ದಾರೆ ಎಂದು ಅವಳ ಮನೆಯವರು ಕೋರ್ಟಿಗೆ ಹೋದರು. ಆಟ ಸಾಲದು ಅಂತ ಬಿಟ್ಟೆವು ಎಂದು ಶಾಲೆಯವರು ವಾದಿಸಿದರು. ಜೂಲಿ ಕೇಸು ಸೋತಳು.

ಸೋತ ಮೇಲೆ ಏನು ಮಾಡಿದಳು? ಆಟ ಬಿಡಲಿಲ್ಲ. ಮೇರಿಲ್ಯಾಂಡ್ ರಾಜ್ಯದ ಸೇಂಟ್ ಮೇರೀಸ್ ಕಾಲೇಜು ಸೇರಿದಳು. 1989ರಲ್ಲಿ ಅಲ್ಲಿನ ಹುಡುಗರ ತಂಡದಲ್ಲಿ ಮೊದಲ ಬೇಸ್‌ನಲ್ಲಿ ನಿಂತು ಆಡಿದಳು. ಆಗ ಊರೂರಿನ ಪತ್ರಿಕೆಗಳಲ್ಲಿ ಅವಳ ಸುದ್ದಿ ಬಂತು.

ಆದರೆ ಅಲ್ಲಿಗೆ ಕಷ್ಟ ಮುಗಿಯಲಿಲ್ಲ. ಜೊತೆಯ ಕೆಲವು ಆಟಗಾರರು ಹೆಣ್ಣುಮಕ್ಕಳ ಬಗ್ಗೆ ಕೀಳಾಗಿ ಮಾತಾಡುತ್ತಿದ್ದರು. ಮೂರು ವರ್ಷ ಆಡಿ, 1991ರಲ್ಲಿ ಜೂಲಿ ತಂಡ ಬಿಟ್ಟಳು. ಯಾಕೆ ಬಿಟ್ಟೆ ಅನ್ನುವುದನ್ನು ಮುಚ್ಚಿಡಲಿಲ್ಲ. ಎಲ್ಲರ ಮುಂದೆ ಹೇಳಿದಳು.

ಕಲಿತವಳು ಕಲಿಸಿದಳು

ಆಟ ಕಲಿಸುವವರಿಗೆ ಕೋಚ್ ಅನ್ನುತ್ತಾರೆ. ಹೇಗೆ ನಿಲ್ಲಬೇಕು, ಹೇಗೆ ಹಿಡಿಯಬೇಕು, ಎಲ್ಲಿಗೆ ಎಸೆಯಬೇಕು ಅಂತ ಕೋಚ್ ತೋರಿಸಿಕೊಡುತ್ತಾರೆ. ತಪ್ಪಾದರೆ ಮತ್ತೆ ಮತ್ತೆ ಮಾಡಿಸುತ್ತಾರೆ. ಜೂಲಿ ಈ ಕೆಲಸ ಹಿಡಿದಳು. ಮೊದಲು ಒಂದು ಸಣ್ಣ ಕಾಲೇಜಿನ ಹುಡುಗರಿಗೆ ಕಲಿಸಿದಳು. 1994ರಲ್ಲಿ ಕೊಲರಾಡೋ ಸಿಲ್ವರ್ ಬುಲೆಟ್ಸ್ ಎಂಬ ಹೆಂಗಸರದ್ದೇ ತಂಡದಲ್ಲಿ ಆಡಿದಳು. ಆ ತಂಡ ಗಂಡಸರ ತಂಡಗಳ ಮೇಲೆ ಆಡುತ್ತಿತ್ತು. ಆಡಿದವರಿಗೆ ಸಂಬಳವೂ ಇತ್ತು.

1995ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಹುಡುಗರ ತಂಡಕ್ಕೆ ಸಹಾಯಕ ಕೋಚ್ ಆದಳು. ಅಲ್ಲಿನ ಕಾಲೇಜು ಬೇಸ್‌ಬಾಲ್‌ನ ಮೇಲಿನ ದರ್ಜೆಯಲ್ಲಿ ಹೆಣ್ಣೊಬ್ಬಳು ಕೋಚ್ ಆಗಿದ್ದು ಅದೇ ಮೊದಲು. 2004ರಲ್ಲಿ ಅಮೆರಿಕದ ಮಹಿಳೆಯರ ತಂಡ ವಿಶ್ವಕಪ್ ಗೆದ್ದಿತು. ಆ ತಂಡದ ಕೋಚ್‌ಗಳಲ್ಲಿ ಜೂಲಿಯೂ ಒಬ್ಬಳು.

ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಬೇಸ್‌ಬಾಲ್ ವಸ್ತುಸಂಗ್ರಹಾಲಯ ಇದೆ. ಜೂಲಿ ಚೆಂಡು ಹಿಡಿಯಲು ತೊಡುತ್ತಿದ್ದ ಕೈಗವಸು ಅಲ್ಲಿ ಸೇರಿದೆ. ಶಾಲೆಯ ತಂಡಕ್ಕೆ ಬೇಡವಾದ ಹುಡುಗಿಯ ಕೈಗವಸು ಅದು!

ಮಾತಾಡೋಣ

1. ಜೂಲಿ ಕೋರ್ಟಿಗೆ ಹೋಗಿದ್ದು ಸರಿಯೇ? ಸೋತದ್ದರಿಂದ ಅದು ದಂಡವಾಯಿತೇ?
2. ಜೂಲಿ ಕಾಲೇಜಿನ ತಂಡ ಬಿಟ್ಟಳು, ಆಟ ಬಿಡಲಿಲ್ಲ. ಎರಡಕ್ಕೂ ಏನು ವ್ಯತ್ಯಾಸ?
3. ನೀವು ಕಲಿತದ್ದನ್ನು ಯಾರಿಗೆ ಕಲಿಸುತ್ತೀರಿ? ಅವರ ಹೆಸರು ಬರೆಯಿರಿ.